ಮಗುವನ್ನು ಮನೆಯಲ್ಲೇ ಬಿಟ್ಟು ಬರಬೇಡಿ

ವಾರದ ಸಭೆಗೆ ಬರುವಾಗ ನಮ್ಮಲ್ಲಿ ಕೆಲವರು ವಿಕಲಚೇತನ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಬರುತ್ತೇವೆ. ಮದುವೆ, ಜಾತ್ರೆಗೂ ಅಷ್ಟೇ. ಜನ ಏನಂತಾರೋ ಅನ್ನುವ ಅಂಜಿಕೆ. ಆದರೆ ಸರದಿ ಕಾಯುವುದು, ಹಂಚಿ ತಿನ್ನುವುದು, ಜಗಳವಾಡಿ ರಾಜಿಯಾಗುವುದು ನಾಲ್ಕು ಮಕ್ಕಳ ನಡುವೆಯೇ ಬರಬೇಕು.

ಸಭೆಗೆ ಕರೆತನ್ನಿ. ಪಾಸ್‌ಪುಸ್ತಕ ಹಂಚಲು ಹೇಳೋಣ, ತಡವಾದರೆ ಆಗಲಿ. "ಇವನಿಗೆ ಊಟ ಆಯ್ತಾ?" ಎಂದು ತಾಯಿಯನ್ನು ಕೇಳುವುದು ಬೇಡ (ನಾವೂ ಹೀಗೆ ಕೇಳಿದವರೇ); ಅವನನ್ನೇ ಕೇಳಿ, ಉತ್ತರಕ್ಕೆ ಕಾಯೋಣ. ಅಕ್ಕಪಕ್ಕದ ಮಕ್ಕಳು ಅಣಕಿಸಿದರೆ ಗದರಿಸಿ ಓಡಿಸಬೇಡಿ, ಅವನ ತೊಂದರೆ ಏನೆಂದು ತಿಳಿಸಿ. ಲಗೋರಿಯಲ್ಲಿ ಓಡಲಾಗದವನು ಚೆಂಡೆಸೆಯಬಹುದಲ್ಲಾ!

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಪಾಠಕ್ಕಷ್ಟೇ ಅಲ್ಲ, ಆಟೋಟಕ್ಕೂ ಸೇರಿಸಿಕೊಳ್ಳಬೇಕು. "ಬದಿಯಲ್ಲಿ ಕೂರಲಿ" ಅಂದರೆ ತಾಯಿ ಒಬ್ಬಳೇ ಕೇಳಲು ಹೋಗಬೇಕಿಲ್ಲ, ಸಂಘದಿಂದ ಇಬ್ಬರು ಜೊತೆಗೆ ಹೋಗೋಣ.