ಹಳೆಯ ಸ್ವರಕ್ಕೆ ಹೊಸ ಅಚ್ಚುಮೊಳೆ

ಹಾಡು ಬಾಯಿಂದ ಬಾಯಿಗೆ ಸಾಗುವವರೆಗೆ ಅದಕ್ಕೆ ಲಿಪಿಯ ಹಂಗಿಲ್ಲ. ಗುರು ಹೇಳಿಕೊಟ್ಟದ್ದನ್ನು ಶಿಷ್ಯ ಕಂಠಪಾಠ ಮಾಡುತ್ತಾನೆ. ಮುಂದೆ ತನ್ನ ಶಿಷ್ಯನಿಗೆ ದಾಟಿಸುತ್ತಾನೆ. ಈ ಕೊಂಡಿ ಎಲ್ಲಾದರೂ ಒಂದೆಡೆ ಕಳಚಿತೆಂದರೆ ಮಾತ್ರ ಹಾಳೆಯ ಮೇಲೆ ಉಳಿದ ಗುರುತುಗಳೇ ಗತಿ. ಯುರೋಪಿನ ಮಧ್ಯಯುಗದ ಮತ್ತು ಪುನರುಜ್ಜೀವನ ಕಾಲದ ಸಂಗೀತಕ್ಕೆ ಆದದ್ದು ಬಹುಮಟ್ಟಿಗೆ ಇದೇ. ಹಾಡುತ್ತಿದ್ದವರ ಪರಂಪರೆ ಕಡಿದುಹೋಯಿತು. ಉಳಿದದ್ದು ಚರ್ಮದ ಹಾಳೆಗಳ ಮೇಲಿನ ಚೌಕಗಳು, ವಜ್ರದ ಆಕೃತಿಗಳು, ಅವಕ್ಕೆ ಅಂಟಿದ ಬಾಲಗಳು.

ಆ ಸಂಗೀತವನ್ನು ಇಂದಿನ ಗಾಯಕರ ಕೈಗೆ ತಲುಪಿಸಬೇಕಾದರೆ ಅದನ್ನು ಮತ್ತೆ ಅಚ್ಚು ಹಾಕಬೇಕು. ಅಲ್ಲೇ ತೊಡಕು. ಇಂದಿನ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಗೆಂದು ರೂಪುಗೊಂಡ ಸಾಧನಗಳಿಗೆ ಈ ಹಳೆಯ ಗುರುತುಗಳ ಪರಿಚಯವಿಲ್ಲ. ಕಳೆದ ಮೂರು ದಶಕಗಳಲ್ಲಿ ಈ ಕೊರತೆಯನ್ನು ಗಮನಾರ್ಹವಾಗಿ ತುಂಬಿರುವುದು ಒಂದು ವಿಶಿಷ್ಟ ಬಗೆಯ ತಂತ್ರಾಂಶ. ಇದರಲ್ಲಿ ಪರದೆಯ ಮೇಲೆ ಸ್ವರಗಳನ್ನು ಒಂದೊಂದಾಗಿ ಎಳೆದು ಕೂರಿಸುವ ಕೆಲಸವಿಲ್ಲ. ಪತ್ರ ಬರೆದಂತೆ ಅಕ್ಷರ, ಅಂಕಿಗಳನ್ನು ಟೈಪ್ ಮಾಡಿದರೆ ಸಾಕು, ಕಂಪ್ಯೂಟರ್ ಅದನ್ನು ಓದಿ ಸ್ವರಪತ್ರವನ್ನು ತಾನೇ ಕೆತ್ತಿಕೊಡುತ್ತದೆ.

ಗೆರೆ ಬಂದ ಬಗೆ

9ನೇ ಶತಮಾನದ ಹೊತ್ತಿಗೆ ಯುರೋಪಿನ ಕ್ರೈಸ್ತ ಮಠಗಳಲ್ಲಿ ಪ್ರಾರ್ಥನಾ ಗೀತೆಗಳ ಸಾಹಿತ್ಯದ ಮೇಲ್ಭಾಗದಲ್ಲಿ ಸಣ್ಣ ಗೀರುಗಳನ್ನು ಹಾಕುವ ಪದ್ಧತಿ ಆರಂಭವಾಗಿತ್ತು. ಇವಕ್ಕೆ 'ನ್ಯೂಮ್' ಎಂದು ಹೆಸರು. ಸ್ವರ ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನು ಈ ಗೀರುಗಳು ಸೂಚಿಸುತ್ತಿದ್ದವು. ಎಷ್ಟು ಏರಬೇಕು ಎಂಬುದನ್ನು ಹೇಳುತ್ತಿರಲಿಲ್ಲ. ಹಾಡು ಮೊದಲೇ ಗೊತ್ತಿದ್ದವರಿಗೆ ಅದು ನೆನಪಿನ ಆಸರೆ, ಗೊತ್ತಿಲ್ಲದವರಿಗೆ ಒಗಟು. 10ನೇ ಶತಮಾನದ ಮೊದಲ ಭಾಗದ್ದೆನ್ನಲಾದ ಇಂಥ ಒಂದು ಪ್ರಸಿದ್ಧ ಹಸ್ತಪ್ರತಿ ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್ ಮಠದ ಗ್ರಂಥಾಲಯದಲ್ಲಿ ಇಂದಿಗೂ ಇದೆ.

11ನೇ ಶತಮಾನದ ಆರಂಭದಲ್ಲಿ ಇಟಲಿಯ ಅರೆಜೋದ ಗ್ವೀಡೋ ಎಂಬ ಸನ್ಯಾಸಿ ಈ ಗುರುತುಗಳನ್ನು ಗೆರೆಗಳ ಮೇಲೆ ಮತ್ತು ಗೆರೆಗಳ ನಡುವೆ ಕೂರಿಸುವ ಕ್ರಮವನ್ನು ಬಳಕೆಗೆ ತಂದ. ಪ್ರತಿ ಗೆರೆಗೂ ನಿಶ್ಚಿತ ಸ್ಥಾನ ಬಂದದ್ದರಿಂದ ಎಂದೂ ಕೇಳದ ಹಾಡನ್ನೂ ನೋಡಿ ಹಾಡುವುದು ಸಾಧ್ಯವಾಯಿತು. ಈ ವಿಧಾನದಿಂದ ಒಂದು ವರ್ಷದಲ್ಲಿ, ಹೆಚ್ಚೆಂದರೆ ಎರಡು ವರ್ಷಗಳಲ್ಲಿ ಗಾಯಕನನ್ನು ತಯಾರು ಮಾಡಬಹುದು ಎಂದು ಗ್ವೀಡೋ ತನ್ನ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. ಮುಂದೆ ಗೀರುಗಳು ಚೌಕಗಳಾದವು. ನಾಲ್ಕು ಗೆರೆಗಳ ಮೇಲಿನ ಈ ಚೌಕ ಲಿಪಿಯೇ ಗ್ರೆಗೋರಿಯನ್ ಗಾನದ ಪುಸ್ತಕಗಳಲ್ಲಿ ಇಂದಿಗೂ ಕಾಣುವ ಲಿಪಿ.

ತಿಸ್ರವೋ, ಚತುರಸ್ರವೋ?

ಸ್ವರದ ಎತ್ತರವನ್ನು ಹೇಳಿದ್ದಾಯಿತು. ಕಾಲಪ್ರಮಾಣವನ್ನು ಹೇಳುವುದು ಹೇಗೆ? ಹಲವರು ಏಕಕಾಲಕ್ಕೆ ಬೇರೆ ಬೇರೆ ಧಾಟಿಯಲ್ಲಿ ಹಾಡುವ ಪದ್ಧತಿ ಬೆಳೆದಂತೆ ಈ ಪ್ರಶ್ನೆ ಎದುರಾಯಿತು. 13ನೇ ಶತಮಾನದಲ್ಲಿ ಕೊಲೋನ್‌ನ ಫ್ರಾಂಕೋ ಎಂಬ ಶಾಸ್ತ್ರಕಾರ ಸ್ವರದ ಆಕಾರದಿಂದಲೇ ಅದರ ಕಾಲವನ್ನು ತಿಳಿಯುವ ನಿಯಮಗಳನ್ನು ರೂಪಿಸಿದ. 14ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಇದು ಇನ್ನಷ್ಟು ವಿಸ್ತಾರಗೊಂಡಿತು. ಇದನ್ನೇ 'ಮೆನ್ಸುರಲ್' ಅಥವಾ ಮಾಪಿತ ಲಿಪಿ ಎನ್ನುತ್ತಾರೆ.

ಇಂದಿನ ಪಾಶ್ಚಾತ್ಯ ಲಿಪಿಯಲ್ಲಿ ಒಂದು ಸ್ವರದೊಳಗೆ ಅದರ ಕೆಳಗಿನ ದರ್ಜೆಯ ಎರಡು ಸ್ವರಗಳು ಅಡಗುತ್ತವೆ. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಮಾಪಿತ ಲಿಪಿಯಲ್ಲಿ ಹಾಗಲ್ಲ. ಅದೇ ಆಕಾರದ ಸ್ವರ ಒಮ್ಮೆ ಮೂರಾಗಿ, ಒಮ್ಮೆ ಎರಡಾಗಿ ಒಡೆಯಬಹುದು. ನಮ್ಮ ತಾಳದ ಭಾಷೆಯಲ್ಲಿ ಹೇಳುವುದಾದರೆ, ನಡೆ ತಿಸ್ರವೋ ಚತುರಸ್ರವೋ ಎಂಬುದನ್ನು ಹಾಳೆಯ ಆರಂಭದ ಚಿಹ್ನೆ ನೋಡಿ ತಿಳಿಯಬೇಕು. ಪೂರ್ಣ ವೃತ್ತವಿದ್ದರೆ 'ಬ್ರೆವಿಸ್' ಎಂಬ ಸ್ವರಕ್ಕೆ ಮೂರು ಭಾಗ, ಅರ್ಧವೃತ್ತವಿದ್ದರೆ ಎರಡು ಭಾಗ. ವೃತ್ತದೊಳಗೆ ಚುಕ್ಕೆ ಇದ್ದರೆ ಮುಂದಿನ ದರ್ಜೆಯ ಸ್ವರಕ್ಕೂ ಮೂರು ಭಾಗ. ಮೂರು ಪೂರ್ಣ, ಎರಡು ಅಪೂರ್ಣ ಎಂದು ಅಂದಿನವರು ಕರೆದರು. ಇಂದಿನ ಸ್ವರಪತ್ರಗಳಲ್ಲಿ ನಾಲ್ಕು ಎಣಿಕೆಯ ತಾಳಕ್ಕೆ ಹಾಕುವ 'ಸಿ' ಅಕ್ಷರದಂಥ ಗುರುತು ವಾಸ್ತವವಾಗಿ ಅಕ್ಷರವಲ್ಲ. ಅಂದಿನ ಅರ್ಧವೃತ್ತವೇ ಅದು.

ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ತಿಸ್ರದಂಥ ನಡೆಯಲ್ಲಿಯೂ ಸ್ವರದ ಬೆಲೆ ನೆರೆಹೊರೆಯನ್ನು ನೋಡಿ ಬದಲಾಗುತ್ತದೆ. ಬ್ರೆವಿಸ್‌ನ ಮುಂದೆ ಇನ್ನೊಂದು ಬ್ರೆವಿಸ್ ಬಂದರೆ ಮೊದಲನೆಯದಕ್ಕೆ ಮೂರು ಭಾಗ. ಮುಂದೆ ಒಂದೇ ಒಂದು ಚಿಕ್ಕ ಸ್ವರ ಬಂದರೆ ಅದು ಒಂದು ಭಾಗವನ್ನು ಬಿಟ್ಟುಕೊಟ್ಟು ಎರಡಾಗಿ ಕುಗ್ಗುತ್ತದೆ. ಅಲ್ಲದೆ ಕೆಲವು ಸ್ವರಗಳು ಒಂದಕ್ಕೊಂದು ಬೆಸೆದು ಒಂದೇ ಆಕೃತಿಯಾಗುತ್ತವೆ. ಕನ್ನಡದ ಒತ್ತಕ್ಷರವನ್ನು ಬಲ್ಲವರಿಗೆ ಇದು ಅಪರಿಚಿತವೇನಲ್ಲ: ಎರಡು ಅಕ್ಷರ ಕೂಡಿದಾಗ ಒಂದರ ರೂಪವೇ ಬದಲಾಗುತ್ತದೆ, ಓದುವವನು ಎರಡನ್ನೂ ಗುರುತಿಸಬೇಕಾಗುತ್ತದೆ.

ವೆನಿಸ್‌ನ ಅಚ್ಚುಕೂಟ

ಇಂಥ ಲಿಪಿಯನ್ನು ಅಚ್ಚಿಗೆ ಇಳಿಸಿದ ಕೀರ್ತಿ ಒಟ್ಟಾವಿಯಾನೊ ಪೆಟ್ರುಚ್ಚಿಯದು. 1498ರಲ್ಲಿ ವೆನಿಸ್ ಗಣರಾಜ್ಯದಿಂದ 20 ವರ್ಷಗಳ ವಿಶೇಷ ಹಕ್ಕು ಪಡೆದ ಈತ 1501ರಲ್ಲಿ 'ಓಡೆಕಟೋನ್' ಎಂಬ ಸಂಕಲನವನ್ನು ಹೊರತಂದ. ಬಹುಧ್ವನಿ ಸಂಗೀತವನ್ನು ಬಿಡಿ ಅಚ್ಚುಮೊಳೆಗಳಿಂದ ಮುದ್ರಿಸಿದ ಮೊದಲ ಪುಸ್ತಕ ಇದೆಂದು ಪರಿಗಣಿಸಲಾಗಿದೆ. ಒಂದೇ ಹಾಳೆಯನ್ನು ಮೂರು ಬಾರಿ ಅಚ್ಚಿಗೆ ಒಡ್ಡುವುದು ಆತನ ಆರಂಭದ ವಿಧಾನ: ಗೆರೆಗಳಿಗೆ ಒಮ್ಮೆ, ಸ್ವರಗಳಿಗೆ ಒಮ್ಮೆ, ಸಾಹಿತ್ಯಕ್ಕೆ ಒಮ್ಮೆ. ಕೂದಲೆಳೆಯಷ್ಟು ಸರಿದರೂ ಸ್ವರ ಬೇರೆ ಗೆರೆಯ ಮೇಲೆ ಕೂರುತ್ತದೆ. ಆದರೂ ಆತನ ಪುಟಗಳ ಅಂದ ಇಂದಿಗೂ ಮಾದರಿಯಾಗಿ ಉಳಿದಿದೆ.

1528ರ ಸುಮಾರಿಗೆ ಪ್ಯಾರಿಸ್‌ನ ಪಿಯರ್ ಅತೆಞ್ಞಾಂ ಇದನ್ನು ಸುಲಭಗೊಳಿಸಿದ. ಆತನ ಒಂದೊಂದು ಮೊಳೆಯಲ್ಲೂ ಸ್ವರದ ಜೊತೆಗೆ ಗೆರೆಗಳ ತುಣುಕೂ ಇರುತ್ತಿತ್ತು. ಒಮ್ಮೆ ಅಚ್ಚು ಒತ್ತಿದರೆ ಕೆಲಸ ಮುಗಿಯಿತು. ವೆಚ್ಚ ಇಳಿಯಿತು, ಸಂಗೀತ ಹರಡಿತು. ಆದರೆ ಮೊಳೆಗಳ ಸಂದಿಯಲ್ಲಿ ಗೆರೆಗಳು ತುಂಡು ತುಂಡಾಗಿ ಕಾಣತೊಡಗಿದವು. ಮುಂದಿನ ಶತಮಾನಗಳಲ್ಲಿ ಲೋಹದ ಫಲಕಗಳ ಮೇಲೆ ಕನ್ನಡಿಯ ಪ್ರತಿಬಿಂಬದಂತೆ ತಿರುಗುಮುರುಗಾಗಿ ಸ್ವರಗಳನ್ನು ಕೆತ್ತುವ ಕುಶಲಕಲೆ ಬೆಳೆಯಿತು. ಐದು ಹಲ್ಲುಗಳ ಉಪಕರಣದಿಂದ ಗೆರೆ ಎಳೆದು, ಸ್ವರದ ತಲೆಗಳನ್ನು ಉಳಿಯಂಥ ಅಚ್ಚಿನಿಂದ ಬಡಿದು ಮೂಡಿಸುತ್ತಿದ್ದರು. 20ನೇ ಶತಮಾನ ಮುಗಿಯುವ ವೇಳೆಗೆ ಕಂಪ್ಯೂಟರಿನ ಮುಂದೆ ಆ ಕಲೆ ಹಿಂದೆ ಸರಿಯಿತು.

ಅಕ್ಷರ ಕೊಟ್ಟರೆ ಸ್ವರ

ಈ ಕೈಕೆತ್ತನೆಯ ಅಂದವನ್ನು ಕಂಪ್ಯೂಟರಿಗೆ ಕಲಿಸಬೇಕೆಂಬ ಹಂಬಲದಿಂದ ಹುಟ್ಟಿದ್ದು 'ಲಿಲಿಪಾಂಡ್'. ನೆದರ್ಲೆಂಡ್ಸ್‌ನ ಹಾನ್-ವೆನ್ ನೀನ್‌ಹೌಸ್ ಮತ್ತು ಯಾನ್ ನ್ಯೂವೆನ್‌ಹೌಜೆನ್ 1996ರಲ್ಲಿ ಇದರ ಕೆಲಸ ಆರಂಭಿಸಿದರು. 1998ರಲ್ಲಿ ಅದರ 1.0 ಆವೃತ್ತಿ ಬಂತು. ಬಾಖ್‌ನ ಚೆಲೋ ಕೃತಿಗಳ 1950ರ ಕೈಕೆತ್ತನೆಯ ಮುದ್ರಣವನ್ನು ಇದರ ನಿರ್ಮಾತೃಗಳು ಉತ್ತಮ ಮಾದರಿಯೆಂದು ಮುಂದಿಟ್ಟುಕೊಂಡರು. ಹಳೆಯ ಕುಶಲಕರ್ಮಿ ಅಳತೆಗೋಲನ್ನಷ್ಟೇ ನಂಬುತ್ತಿರಲಿಲ್ಲ, ಕಣ್ಣನ್ನೂ ನಂಬುತ್ತಿದ್ದ. ಮೇಲ್ಮುಖ ಕಡ್ಡಿಯ ಸ್ವರದ ಪಕ್ಕ ಕೆಳಮುಖ ಕಡ್ಡಿಯ ಸ್ವರ ಬಂದರೆ, ಅಳತೆಯಲ್ಲಿ ಸಮನಾದ ಅಂತರವೂ ಕಣ್ಣಿಗೆ ಅಸಮವಾಗಿ ಕಾಣುತ್ತದೆ. ಅದನ್ನು ಆತ ತುಸು ಸರಿಪಡಿಸುತ್ತಿದ್ದ. ಇಂಥ ನೂರಾರು ಸೂಕ್ಷ್ಮಗಳನ್ನು ಲೆಕ್ಕಾಚಾರವಾಗಿ ಬರೆಯುವುದೇ ಲಿಲಿಪಾಂಡ್‌ನ ಮುಖ್ಯ ಕೆಲಸವಾಯಿತು.

ಬಳಸುವವನು ಮಾಡಬೇಕಾದದ್ದು ಸರಳ. 'ಸಿ4 ಡಿ4 ಇ2' ಎಂಬಂತೆ ಟೈಪ್ ಮಾಡುತ್ತಾ ಹೋಗಬೇಕು. ಅಕ್ಷರ ಸ್ವರವನ್ನು ಹೇಳುತ್ತದೆ. ಅಂಕಿ ಕಾಲವನ್ನು ಹೇಳುತ್ತದೆ: 4 ಎಂದರೆ ಕಾಲುಭಾಗ, 2 ಎಂದರೆ ಅರ್ಧ. ಮೇಲಿನ ಸ್ಥಾಯಿಗೆ ಒಂದು ಉದ್ಧರಣ ಚಿಹ್ನೆ, ಕೆಳಗಿನ ಸ್ಥಾಯಿಗೆ ಅಲ್ಪವಿರಾಮ. ಸ, ರಿ, ಗ, ಮ ಎಂದು ಸ್ವರಗಳನ್ನು ಅಕ್ಷರದಲ್ಲೇ ಬರೆದು ಓದುವ ಕನ್ನಡಿಗರಿಗೆ ಈ ಕ್ರಮ ಹೊಸದೆನಿಸದು. ಕರ್ನಾಟಕ ಸಂಗೀತದ ಪುಸ್ತಕಗಳಲ್ಲಿ ಅಲ್ಪವಿರಾಮ ಸ್ವರವನ್ನು ಒಂದು ಅಕ್ಷರಕಾಲ ಹಿಗ್ಗಿಸುತ್ತದೆ. ಇಲ್ಲಿ ಸ್ಥಾಯಿಯನ್ನು ಇಳಿಸುತ್ತದೆ, ಅಷ್ಟೇ ವ್ಯತ್ಯಾಸ.

ಹಳೆಯ ಲಿಪಿಗಾಗಿ ಲಿಲಿಪಾಂಡ್‌ನಲ್ಲಿ ಪ್ರತ್ಯೇಕ ಏರ್ಪಾಡಿದೆ. ಪೆಟ್ರುಚ್ಚಿಯ ಶೈಲಿ, ವ್ಯಾಟಿಕನ್ನಿನ ಚೌಕ ಶೈಲಿ, ಜರ್ಮನಿಯ ಲಾಳದ ಮೊಳೆಯಾಕಾರದ ಶೈಲಿ, ಕೀವ್‌ನ ಶೈಲಿ ಹೀಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಆಧುನಿಕ ಚಿಹ್ನೆಗಳ ಅಕ್ಷರಮಾಲೆಗೆ 'ಫೆಟಾ' ಎಂದೂ ಪ್ರಾಚೀನ ಚಿಹ್ನೆಗಳದಕ್ಕೆ 'ಪರ್ಮೆಸಾನ್' ಎಂದೂ ನಿರ್ಮಾತೃಗಳು ಹೆಸರಿಟ್ಟರು. ಎರಡೂ ಗಿಣ್ಣಿನಂಥ ತಿನಿಸಾದ ಚೀಸ್‌ನ ಬಗೆಗಳು!

ಗ್ರೆಗೋರಿಯನ್ ಗಾನಕ್ಕೇ ಮೀಸಲಾದ 'ಗ್ರೆಗೋರಿಯೊ' ಎಂಬ ಇನ್ನೊಂದು ತಂತ್ರಾಂಶ 2006ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಯಿತು. ಇದರಲ್ಲಿ ಸಾಹಿತ್ಯವೇ ಮುಂದು. ಒಂದು ಉಚ್ಚಾರಾಂಶ ಬರೆದು, ಅದರ ಸ್ವರಗಳನ್ನು ಆವರಣದಲ್ಲಿ ಅಕ್ಷರಗಳಾಗಿ ಕೊಡಬೇಕು. ಈ ಅಕ್ಷರಗಳು ನಿಶ್ಚಿತ ಸ್ವರವನ್ನಲ್ಲ, ಗೆರೆಗಳ ಮೇಲಿನ ಎತ್ತರವನ್ನು ಸೂಚಿಸುತ್ತವೆ. ಕೆಳಗಿನದೊಂದು, ಮೇಲಿನದೊಂದು ಅಕ್ಷರ ಒಟ್ಟಿಗೆ ಬರೆದರೆ ಎರಡು ಚೌಕಗಳು ಒಂದರ ಮೇಲೊಂದು ನಿಂತ ಒಂದೇ ಆಕೃತಿ ಮೂಡುತ್ತದೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳಿಂದ ಕನ್ನಡ ತಂತ್ರಾಂಶ ಒತ್ತಕ್ಷರವನ್ನು ತಾನೇ ಕಟ್ಟಿಕೊಳ್ಳುವ ಹಾಗೆಯೇ ಇದು.

ಅನುವಾದದಲ್ಲಿ ಕಳೆದುಹೋಗುವುದು

ಇಷ್ಟೆಲ್ಲ ಕಷ್ಟಪಡುವ ಬದಲು ಹಳೆಯದನ್ನು ಇಂದಿನ ಲಿಪಿಗೆ ಬದಲಾಯಿಸಿಕೊಂಡರೆ ಸಾಲದೇ ಎಂಬ ಪ್ರಶ್ನೆ ಸಹಜ. ಬಹುಪಾಲು ಪ್ರಕಟಣೆಗಳು ಮಾಡುವುದೂ ಅದನ್ನೇ. ಆದರೆ ಲಿಪಿಯನ್ನು ಬದಲಾಯಿಸುವಾಗ ಸಂಪಾದಕ ಹೆಜ್ಜೆಹೆಜ್ಜೆಗೂ ತೀರ್ಮಾನ ಕೈಗೊಳ್ಳುತ್ತಾನೆ. ಅಂದಿನ ದೀರ್ಘ ಸ್ವರಗಳು ಇಂದಿನ ಕಣ್ಣಿಗೆ ತೀರಾ ನಿಧಾನವೆನಿಸುವುದರಿಂದ ಕಾಲವನ್ನು ಅರ್ಧಕ್ಕೋ ಕಾಲಿಗೋ ಇಳಿಸುತ್ತಾನೆ. ಮೂಲದಲ್ಲಿಲ್ಲದ ಲಂಬ ಗೆರೆಗಳನ್ನು ಎಳೆದು ಹಾಡನ್ನು ಕಂತುಗಳಾಗಿ ಕತ್ತರಿಸುತ್ತಾನೆ. ಗಾಯಕರು ರೂಢಿಯಿಂದಲೇ ಅರಿತು ಸೇರಿಸುತ್ತಿದ್ದ ಕೋಮಲ, ತೀವ್ರ ಸ್ವರಭೇದಗಳನ್ನು ತಾನು ಊಹಿಸಿ ಸೇರಿಸುತ್ತಾನೆ.

ಏನು ಕಳೆಯಬಹುದು ಎಂಬುದಕ್ಕೆ 1497ರಲ್ಲಿ ತೀರಿಕೊಂಡ ಯೊಹಾನೆಸ್ ಒಕೆಘೆಮ್‌ನ 'ಮಿಸ್ಸಾ ಪ್ರೊಲಾಟಿಯೋನುಮ್' ಉತ್ತಮ ನಿದರ್ಶನ. ನಾಲ್ವರು ಹಾಡುವ ಈ ಕೃತಿಯಲ್ಲಿ ಮುಖ್ಯವಾಗಿ ಬರೆದಿರುವುದು ಎರಡೇ ಧಾಟಿ. ಒಂದೊಂದು ಧಾಟಿಗೂ ಎರಡೆರಡು ಕಾಲಚಿಹ್ನೆ. ಅದೇ ಸಾಲನ್ನು ಒಬ್ಬ ಎರಡರ ಎಣಿಕೆಯಲ್ಲಿ, ಇನ್ನೊಬ್ಬ ಮೂರರ ಎಣಿಕೆಯಲ್ಲಿ ಹಾಡುತ್ತಾನೆ. ಒಬ್ಬ ಮುಂದೆ ಹೋದಂತೆ ಮತ್ತೊಬ್ಬ ಹಿಂದುಳಿಯುತ್ತಾನೆ. ಇಬ್ಬರ ನಡುವಿನ ಅಂತರದಿಂದಲೇ ಸಂಗೀತ ಅರಳುತ್ತದೆ. ಇಂದಿನ ಲಿಪಿಯಲ್ಲಿ ಇದನ್ನು ನಾಲ್ಕು ಬೇರೆ ಬೇರೆ ಸಾಲುಗಳಾಗಿ ಬಿಡಿಸಿ ಬರೆಯಬೇಕಾಗುತ್ತದೆ. ಹಾಡಲು ಅನುಕೂಲ ನಿಜ. ಆದರೆ ರಚನಕಾರನ ಚಮತ್ಕಾರ ಪುಟದಿಂದ ಮಾಯವಾಗುತ್ತದೆ. ಲಿಪಿಯೇ ಇಲ್ಲಿ ಕೃತಿಯ ಒಂದು ಅಂಗ.

ಪಠ್ಯ ಆಧಾರಿತ ತಂತ್ರಾಂಶ ಈ ಇಕ್ಕಟ್ಟಿಗೆ ಒಂದು ದಾರಿ ತೋರುತ್ತದೆ. ಒಮ್ಮೆ ಟೈಪ್ ಮಾಡಿದ ಅದೇ ಮೂಲದಿಂದ ವಿದ್ವಾಂಸರಿಗೆ ಹಳೆಯ ಲಿಪಿಯ ಪುಟವನ್ನೂ ಗಾಯಕರಿಗೆ ಇಂದಿನ ಲಿಪಿಯ ಪುಟವನ್ನೂ ಹೊರಡಿಸಬಹುದು. ಆಧುನಿಕ ಪುಟದ ಆರಂಭದಲ್ಲಿ ಮೂಲದ ಚಿಹ್ನೆ ಮತ್ತು ಮೊದಲ ಸ್ವರಗಳನ್ನು ಹಳೆಯ ರೂಪದಲ್ಲೇ ತೋರಿಸಬಹುದು. ಸಂಪಾದಕ ಊಹಿಸಿದ ಸ್ವರಭೇದವನ್ನು ಸ್ವರದ ಪಕ್ಕದಲ್ಲಿಡದೆ ಅದರ ತಲೆಯ ಮೇಲಿಟ್ಟು, ಇದು ಮೂಲದ್ದಲ್ಲ ಎಂದು ಪ್ರಾಮಾಣಿಕವಾಗಿ ಸೂಚಿಸಬಹುದು.

ಇದಕ್ಕೂ ಮಿತಿಗಳುಂಟು. ಲಿಲಿಪಾಂಡ್‌ನ ಲೆಕ್ಕ ಎರಡರ ಲೆಕ್ಕ. ನೆರೆಹೊರೆ ನೋಡಿ ಬೆಲೆ ಬದಲಿಸುವ ಹಳೆಯ ಸ್ವರ ಮೂರೋ ಎರಡೋ ಎಂಬುದನ್ನು ಅದು ತಾನಾಗಿ ನಿರ್ಧರಿಸದು, ಮನುಷ್ಯನೇ ಹೇಳಬೇಕು. ಒಂದು ಆವರಣ ಚಿಹ್ನೆ ತಪ್ಪಿದರೆ ಪುಟವೇ ಮೂಡದಿರಬಹುದು. ಕಲಿಯಲು ತಾಳ್ಮೆ ಬೇಕು.

ಕಡತ ಉಳಿದೀತೇ?

ಆದರೆ ಈ ಬಗೆಯ ತಂತ್ರಾಂಶದ ಬಹುದೊಡ್ಡ ಗುಣ ಬೇರೆಯೇ ಇದೆ. 2024ರ ಆಗಸ್ಟ್ 26ರಂದು 'ಫಿನಾಲೆ' ಎಂಬ ಹೆಸರಾಂತ ಸ್ವರಲಿಪಿ ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಅದರ ಸಂಸ್ಥೆ ಪ್ರಕಟಿಸಿತು. ಸುಮಾರು 35 ವರ್ಷಗಳಿಂದ ಅದನ್ನು ನಂಬಿ ಕೆಲಸ ಮಾಡಿದ್ದ ಸಂಗೀತಗಾರರು ತಮ್ಮ ಕಡತಗಳನ್ನು ಬೇರೆ ರೂಪಕ್ಕೆ ಸಾಗಿಸುವ ಚಿಂತೆಗೆ ಬಿದ್ದರು. ಒಂದು ತಂತ್ರಾಂಶ ಮಾತ್ರ ತೆರೆಯಬಲ್ಲ ಕಡತ ಆ ತಂತ್ರಾಂಶದ ಜೊತೆಗೇ ಮುದುಕಾಗುತ್ತದೆ. ಲಿಲಿಪಾಂಡ್‌ನ ಅಥವಾ ಗ್ರೆಗೋರಿಯೊದ ಕಡತ ಹಾಗಲ್ಲ. ಅದು ಬರೀ ಅಕ್ಷರಗಳ ಸಾಲು. ತಂತ್ರಾಂಶವೇ ಇಲ್ಲದಿದ್ದರೂ ಮನುಷ್ಯ ಅದನ್ನು ಓದಿ ಅರ್ಥಮಾಡಿಕೊಳ್ಳಬಲ್ಲ. ಇವೆರಡೂ ಮುಕ್ತ ತಂತ್ರಾಂಶಗಳಾದ್ದರಿಂದ ಬೆಲೆ ತೆರಬೇಕಿಲ್ಲ. ಬಲ್ಲವರು ಒಳಗಿನ ರಚನೆಯನ್ನೂ ತಿದ್ದಿಕೊಳ್ಳಬಹುದು.

ಸೇಂಟ್ ಗ್ಯಾಲನ್‌ನ ಲಿಪಿಕಾರ ಚರ್ಮದ ಹಾಳೆಯನ್ನು ನಂಬಿದ. ಸಾವಿರ ವರ್ಷಗಳ ಬಳಿಕವೂ ಅದು ಓದಲು ಸಿಗುತ್ತಿದೆ. ಆದರೆ ಆ ಗೀರುಗಳನ್ನು ನೋಡಿ ಹಾಡುತ್ತಿದ್ದ ಕಂಠಗಳ ನೆನಪು ಉಳಿಯಲಿಲ್ಲ. ಗುರುತು ಉಳಿದರೆ ಸಾಲದು, ಗುರುತಿನ ಅರ್ಥವೂ ಉಳಿಯಬೇಕು ಎಂಬುದು ಇದರಿಂದ ಸಿಗುವ ಪಾಠ. ಹಳೆಯ ಆಕೃತಿ, ಅದರ ಕಾಲ, ಅದರ ಬಗ್ಗೆ ಸಂಪಾದಕ ಮಾಡಿದ ಊಹೆ ಇವು ಮೂರನ್ನೂ ಬಿಡಿಸಿ, ಯಾರು ಬೇಕಾದರೂ ಓದುವಂತೆ ಬರೆದಿಡುವುದು ಆ ದಿಕ್ಕಿನಲ್ಲಿ ಚಿಕ್ಕದಾದರೂ ಗಟ್ಟಿಯಾದ ಹೆಜ್ಜೆ.