ಹಳೆಯ ಪ್ಲಾಸ್ಟಿಕ್ ಕೊಳವೆಗಳನ್ನು ಸುಡುವುದರಿಂದಾಗುವ ಕೆಡುಕು

ನೀರಿನ ಕೊಳವೆಗಳು, ಮಡಿಗಳಿಗೆ ಹೊದಿಸುವ ಹಾಳೆಗಳು, ಗೊಬ್ಬರದ ಚೀಲಗಳು ಈಗ ಬಹುತೇಕ ಪ್ಲಾಸ್ಟಿಕ್ಕಿನವೇ ಆಗಿವೆ. ಇವು ಹಳೆಯವಾದೊಡನೆ ಬದುವಿನ ಮೇಲೆ ರಾಶಿಹಾಕಿ ಸುಡುವ ರೂಢಿಯು ಅನೇಕ ಕಡೆಗಳಲ್ಲಿ ಕಂಡುಬರುತ್ತದೆ. ಕಸವು ಕಣ್ಣಿಗೆ ಮರೆಯಾಗುವುದೇನೋ ನಿಜ; ಆದರೆ ಅದು ಏನಾಯಿತೆಂಬುದನ್ನು ಜಮೀನುದಾರರು ಅವಶ್ಯವಾಗಿ ತಿಳಿಯತಕ್ಕದ್ದು.

ಸಣ್ಣ ಅಣುಗಳು ಸರಪಣಿಯ ಕೊಂಡಿಗಳಂತೆ ಸಾವಿರಗಟ್ಟಲೆ ಕೂಡಿ ಪ್ಲಾಸ್ಟಿಕ್ ಆಗಿರುತ್ತದೆ. ಶಾಖ ತಗುಲಿದಾಗ ಅದರಲ್ಲಿ ಎರಡು ಬಗೆಯ ಮಾರ್ಪಾಟುಗಳುಂಟು. ಮೊದಲನೆಯದು ಮೆತ್ತಗಾಗುವುದು. ತುಪ್ಪವು ಕರಗಿ ಮತ್ತೆ ಹೆಪ್ಪುಗಟ್ಟುವಂತೆ, ಇಲ್ಲಿ ಸರಪಣಿಗಳು ಸಡಿಲವಾಗುವುವೇ ಹೊರತು ಕಡಿಯುವುದಿಲ್ಲ. ಎರಡನೆಯದು ಒಡೆಯುವುದು. ಸೀದುಹೋದ ಪಾಕವು ಹೇಗೆ ಬೆಲ್ಲವಾಗದೋ ಹಾಗೆಯೇ ಒಡೆದ ಪ್ಲಾಸ್ಟಿಕ್ ಮೊದಲಿನಂತಾಗದು.

ಪಾಲಿಥೀನ್ ಹಾಳೆಯು ಸುಮಾರು ೧೧೦ ಸೆಂಟಿಗ್ರೇಡ್ ಡಿಗ್ರಿಯಲ್ಲಿ ಕರಗುತ್ತದೆ; ಗಾಳಿಯಿಲ್ಲದೆ ಕಾಯಿಸಿದರೆ ೪೦೦ ಡಿಗ್ರಿಯ ಸುಮಾರಿನಲ್ಲಿ ತುಂಡುತುಂಡಾಗಿ ಮೇಣ, ಎಣ್ಣೆ, ಅನಿಲಗಳಾಗುತ್ತದೆ. ಪಿ.ವಿ.ಸಿ. ಕೊಳವೆಯ ಸ್ವಭಾವವೇ ಬೇರೆ. ಅದು ಸುಮಾರು ೮೦ ಡಿಗ್ರಿಯಲ್ಲಿ ಮೆತ್ತಗಾಗುತ್ತದೆ. ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ ನೂರಕ್ಕೆ ೫೭ ಪಾಲು ಕ್ಲೋರಿನ್ ಉಂಟು. ಶಾಖವು ೨೦೦ ಡಿಗ್ರಿಯನ್ನು ಮೀರಿದರೆ ಈ ಕ್ಲೋರಿನ್ ಜಲಜನಕದೊಡನೆ ಕೂಡಿ ತೀಕ್ಷ್ಣವಾದ ಆಮ್ಲಾನಿಲವಾಗಿ ಹೊರಡುತ್ತದೆ. ಹೊರಟ ಆಮ್ಲವು ಉಳಿದ ಭಾಗವನ್ನೂ ಬೇಗನೆ ಒಡೆಯಿಸುತ್ತದೆ. ಬಿಳಿಯ ಕೊಳವೆಯು ಕಾಯಿಸುವಾಗ ಹಳದಿ, ಕಂದು, ಕಡೆಗೆ ಕಪ್ಪು ಬಣ್ಣಕ್ಕೆ ತಿರುಗುವುದೇ ಇದರ ಗುರುತು.

ಈ ಹೊಗೆಯು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಬಾಧಿಸುತ್ತದೆ. ಬಯಲಿನಲ್ಲಿ ಸುಟ್ಟಾಗ ಹುಟ್ಟುವ ಡಯಾಕ್ಸಿನ್ ಎಂಬ ವಿಷವು ಮೇವಿನ ಮೇಲೆ ಬಿದ್ದು, ದನಗಳ ಕೊಬ್ಬಿನಲ್ಲಿ ಸೇರಿ, ಹಾಲಿಗೂ ಇಳಿಯುತ್ತದೆ. ಹಳೆಯ ಕೊಳವೆಗಳಲ್ಲಿ ಅನೇಕವಕ್ಕೆ ಶಾಖದಿಂದ ಕೆಡದಿರಲೆಂದು ಸೀಸದ ಲವಣಗಳನ್ನು ಬೆರೆಸಿದ್ದುಂಟು. ಈ ಸೀಸವು ಸುಟ್ಟು ನಾಶವಾಗದೆ ಬೂದಿಯಲ್ಲಿ ಉಳಿಯುತ್ತದೆ.

ಆದುದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

೧. ಜೋಡಣೆಗಾಗಿ ಕೊಳವೆಯ ಬಾಯನ್ನು ಹಿಗ್ಗಿಸುವಾಗ ಹುಲ್ಲಿನ ಉರಿಗೆ ಹಿಡಿಯದೆ, ಕುದಿಯುವ ನೀರಿನಲ್ಲಿ ಅದ್ದಬೇಕು. ನೀರಿನ ಶಾಖವು ೧೦೦ ಡಿಗ್ರಿಯನ್ನು ಮೀರದಾದ ಕಾರಣ ಕೊಳವೆಯು ಮೆತ್ತಗಾದರೂ ಒಡೆಯದು.

೨. ಪಿ.ವಿ.ಸಿ.ಯನ್ನೂ ಪಾಲಿಥೀನನ್ನೂ ಬೆರೆಸದೆ ಬೇರೆಬೇರೆಯಾಗಿ ಕೂಡಿಟ್ಟು, ಮಣ್ಣು ತೊಳೆದು, ಹಳೆಯ ಪ್ಲಾಸ್ಟಿಕ್ ಕೊಳ್ಳುವವರಿಗೆ ಕೊಡಬೇಕು.

೩. ಹಿಂದೆ ಸುಟ್ಟ ಬೂದಿಯನ್ನು ತಿಪ್ಪೆಗೆ ಹಾಕಲಾಗದು.

ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೬ನೆಯ ಇಸವಿ ಡಿಸೆಂಬರಿನಲ್ಲಿ ನಿಷೇಧಿಸಿತು. ಆದಾಗ್ಯೂ ದಂಡದ ಭಯಕ್ಕಿಂತ ಊರಿನ ಮುಖಂಡರ ಮಾತಿಗೆ ಬೆಲೆ ಹೆಚ್ಚು. ಊರಿಗೊಂದು ಸಂಗ್ರಹದ ಸ್ಥಳವನ್ನು ಅವರು ಗೊತ್ತುಮಾಡಿದಲ್ಲಿ ಉಳಿದ ರೈತರು ತಾವಾಗಿಯೇ ಅನುಸರಿಸುವರು.