ಮಗ್ಗದ ಮನೆಯ ತಾಯಿಗೂ ಬಿಡುವು ಬೇಕು

ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ತಿದ್ದುಪಡಿ ಸೇರಿಸಿತು. ಆದರೆ ತೆಲಂಗಾಣದ ನಾರಾಯಣಪೇಟೆ, ಗದ್ವಾಲಗಳಲ್ಲಿ ಸೀರೆ ನೇಯುವ ಮನೆಗಳಿಗೆ ಹಾಜರಿ ಪುಸ್ತಕವಿಲ್ಲ. ಮನೆಯಲ್ಲೇ ಇರುವವಳಿಗೆ ಕಾನೂನೇಕೆ ಎನ್ನಬಹುದು. ಆದರೆ ಸೀರೆಯ ಲೆಕ್ಕದಲ್ಲಿ ಕೂಲಿ ಸಿಗುವಾಗ, ಗುಂಡಿ ಮಗ್ಗದಿಂದ ಎದ್ದು ಮಗುವನ್ನು ಎತ್ತಿಕೊಂಡಷ್ಟು ಹೊತ್ತು ಲಾಳಿಯೂ ನಿಲ್ಲುತ್ತದೆ, ದುಡಿಮೆಯೂ ನಿಲ್ಲುತ್ತದೆ.

ಮನೆಯಿಂದ ಹೊರಬಂದ ತಾಯಿಗೂ ಜಾಗ ಬೇಕು. ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಕೊಠಡಿ ಇರಲೆಂಬ ಕೇಂದ್ರದ ಸಲಹೆಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಹೇಳಿತು. ಖರ್ಚಿನ ನೆಪ ನಿಲ್ಲುವುದಿಲ್ಲ: ಮಕ್ತಲ್‌ನಂಥ ಊರಿನ ಬಸ್ ನಿಲ್ದಾಣಕ್ಕೆ ಒಂದು ಮರೆ, ಬೆಂಚು, ಫ್ಯಾನು ಸಾಕು. ಸಲಹೆಯನ್ನು ಮೂಲೆಗೆ ತಳ್ಳುವುದು ಸುಲಭ. ಆದ್ದರಿಂದ ರಾಜ್ಯವೇ ಕಾಯ್ದೆ ಮಾಡಿ, ನೇಕಾರ ತಾಯಂದಿರಿಗೆ ಭತ್ಯೆಯನ್ನೂ ಅದರಲ್ಲೇ ಸೇರಿಸಬೇಕು.